ಒಂದು ಧ್ವನಿಮುದ್ರಿಕೆಯ ಪುನರ್ಜನ್ಮ

ಚಾಮರಾಜನಗರದಲ್ಲಿ ಚಾಮರಾಜೇಶ್ವರಸ್ವಾಮಿಯ ರಥೋತ್ಸವವು ಆಷಾಢಮಾಸದಲ್ಲಿ ನಡೆಯುವುದು ವಾಚಕರಿಗೆ ತಿಳಿದ ವಿಷಯವೇ. ಮಿಕ್ಕ ಊರುಗಳು ಶುಭಕಾರ್ಯಕ್ಕೆ ಸಲ್ಲದೆಂದು ಬದಿಗಿಟ್ಟ ತಿಂಗಳಿನಲ್ಲಿ, ಹೊಸದಾಗಿ ಮದುವೆಯಾದ ದಂಪತಿಗಳು ಇಲ್ಲಿ ನೆರೆದು ತೇರಿಗೆ ಹಣ್ಣುಜವನವನ್ನು ಎಸೆಯುತ್ತಾರೆ. 2017ರಲ್ಲಿ ಹಳೆಯ ರಥವು ಬೆಂಕಿಗೆ ತುತ್ತಾಯಿತು. ಉತ್ಸವವು ಕೆಲವು ವರ್ಷ ನಿಂತುಹೋಗಿ, 2022ರ ಆಷಾಢದಲ್ಲಿ ಹೊಸ ರಥವು ಬೀದಿಗೆ ಬಂದಿತು. ಮರ ಹೊಸದು, ಕೆತ್ತನೆ ಹೊಸದು, ಅಚ್ಚುಗಾಲಿಗಳೂ ಹೊಸವು. ಆದರೂ ಅದು ಚಾಮರಾಜೇಶ್ವರನ ತೇರೇ ಹೊರತು ಬೇರೊಂದಲ್ಲ. ದೇವರು ಅದೇ, ಬೀದಿ ಅದೇ, ಹಗ್ಗ ಹಿಡಿಯುವ ಭಕ್ತಿಯೂ ಅದೇ. ವಸ್ತುವೆಲ್ಲ ಬದಲಾದರೂ ಸಂಕಲ್ಪವು ಮುರಿಯಲಿಲ್ಲವಾದಕಾರಣ, ಹೊಸದನ್ನು ಹಳೆಯದೆಂದೇ ಕರೆಯುವುದರಲ್ಲಿ ಯಾರಿಗೂ ಅಳುಕು ತೋರುವುದಿಲ್ಲ.

ಇದಕ್ಕೆ ನೇರವಾಗಿ ವಿರುದ್ಧವಾದ ಇನ್ನೊಂದು ಬಗೆಯ ಪುನರ್ಜನ್ಮವುಂಟು. ಅಲ್ಲಿ ವಸ್ತುವು ಎಳ್ಳಷ್ಟೂ ಬದಲಾಗುವುದಿಲ್ಲ. ಸಂಕಲ್ಪ ಮಾತ್ರ ತಲೆಕೆಳಗಾಗಿರುತ್ತದೆ. ಒಬ್ಬನು ಒಂದು ಉದ್ದೇಶದಿಂದ ಲೋಕದ ಮುಂದಿಟ್ಟದ್ದನ್ನು ಲೋಕವು ತಿರಸ್ಕರಿಸಿ, ಕೆಲಕಾಲದ ಮೇಲೆ ಇನ್ನಾವುದೋ ಉದ್ದೇಶಕ್ಕಾಗಿ ಅದನ್ನೇ ಎತ್ತಿ ತಲೆಯ ಮೇಲಿಟ್ಟುಕೊಳ್ಳುತ್ತದೆ. ಆಗ ಬಂದ ಮನ್ನಣೆಯು ಯಾರಿಗೆ ಸಂದಂತಾಯಿತು? ಮೊದಲು ನಡೆದ ಅನ್ಯಾಯವನ್ನು ಆ ಮನ್ನಣೆಯು ತೊಳೆಯಬಲ್ಲುದೆ? ತಪ್ಪನ್ನು ಕಂಡು ಮೆಚ್ಚುವುದು ತಪ್ಪುಮಾಡಿದವರಿಗೆ ಸಲ್ಲಿಸುವ ಗೌರವವೋ, ಅಥವಾ ಅವಮಾನದ ಇನ್ನೊಂದು ರೂಪವೋ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಗಾಳಿಗೆ ಹೋಗುವ ಸಂಭವವುಂಟು. ಆದುದರಿಂದ ನಿಜವಾಗಿ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು. ಸಂಗತಿಯು ದೂರದೇಶದ್ದು; ಆದರೆ ಅದರಲ್ಲಿ ಬರುವ ತಂದೆಮಕ್ಕಳು ಯಾವ ಊರಿನಲ್ಲಿಯೂ ಇರಬಹುದಾದವರು.

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಫ್ರೀಮಾಂಟ್ ಎಂಬುದೊಂದು ಸಣ್ಣ ಊರು. ಅಲ್ಲಿ ಆಸ್ಟಿನ್ ವಿಗ್ಗಿನ್ ಎಂಬ ಬಟ್ಟೆಗಿರಣಿಯ ಕೂಲಿಗಾರನಿದ್ದನು. ಆತನು ಚಿಕ್ಕವನಾಗಿದ್ದಾಗ ಆತನ ತಾಯಿ ಮಗನ ಅಂಗೈಯನ್ನು ನೋಡಿ ಮೂರು ಮಾತು ಹೇಳಿದ್ದಳಂತೆ: ನಸುಗೆಂಪು ಕೂದಲಿನ ಹೆಣ್ಣನ್ನು ಮದುವೆಯಾಗುವೆ, ನಾನು ಸತ್ತ ಮೇಲೆ ನಿನಗೆ ಇಬ್ಬರು ಗಂಡುಮಕ್ಕಳಾಗುವರು, ನಿನ್ನ ಹೆಣ್ಣುಮಕ್ಕಳು ಸಂಗೀತದ ಮೇಳ ಕಟ್ಟಿ ಹೆಸರಾಗುವರು. ಮೊದಲೆರಡು ಮಾತು ನಿಜವಾದುವು. ಎರಡು ನಿಜವಾದ ಮೇಲೆ ಮೂರನೆಯದು ಆಗದಿರುವುದುಂಟೆ? ಕಣಿ ಕೇಳಿ ಗೊತ್ತಿರುವ ನಮ್ಮ ಹಳ್ಳಿಗಳವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರ ದಶಕದಲ್ಲಿ ಆ ತಂದೆ ತನ್ನ ಮಕ್ಕಳಾದ ಹೆಲೆನ್, ಡಾಟ್, ಬೆಟ್ಟಿ ಎಂಬ ಮೂವರನ್ನು ಶಾಲೆಯಿಂದ ಬಿಡಿಸಿದನು, ಪಾಠಗಳನ್ನು ಅಂಚೆಯ ಮೂಲಕ ತರಿಸಿದನು, ಗಿಟಾರು, ಡ್ರಮ್ಮು ಕೊಂಡುತಂದನು, ಪಾಠ ಹೇಳಿಸಿದನು. ಹಗಲೂ ಸಂಜೆಯೂ ಅಭ್ಯಾಸವಾಯಿತು. ಮೇಳಕ್ಕೆ 'ಷ್ಯಾಗ್ಸ್' ಎಂದು ಹೆಸರಿಟ್ಟವನೂ ಆತನೇ. ಹುಡುಗಿಯರು ಇದನ್ನು ಬಯಸಿದ್ದರೆ ಎಂಬ ಪ್ರಶ್ನೆಯು ಆ ಮನೆಯಲ್ಲಿ ಏಳಲಿಲ್ಲ.

1968ರಲ್ಲಿ ಹತ್ತಿರದ ಎಕ್ಸಟರ್ ಎಂಬ ಊರಿನ ಸ್ಪರ್ಧೆಯೊಂದರಲ್ಲಿ ಅವರು ಮೊದಲ ಸಲ ಜನರ ಮುಂದೆ ನುಡಿಸಿದಾಗ ಸಭಿಕರು ಗೇಲಿಮಾಡಿ, ಪಾನೀಯದ ಡಬ್ಬಿಗಳನ್ನು ಎಸೆದರು. ತಂದೆ ಕದಲಲಿಲ್ಲ, ಇನ್ನೂ ಹೆಚ್ಚು ಅಭ್ಯಾಸಮಾಡಿರೆಂದನು. ಆ ಮೇಲೆ ಫ್ರೀಮಾಂಟಿನ ಪುರಭವನದಲ್ಲಿ ಶನಿವಾರ ಸಂಜೆಗಳಲ್ಲಿ ವರ್ಷಗಟ್ಟಲೆ ಅವರ ಸಂಗೀತ ನಡೆಯಿತು. 1969ರ ಮಾರ್ಚಿಯಲ್ಲಿ ಮೂವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮ್ಯಾಸಚೂಸೆಟ್ಸ್ ಸಂಸ್ಥಾನದ ರೆವಿಯರ್ ಎಂಬಲ್ಲಿಯ ಧ್ವನಿಮುದ್ರಣಶಾಲೆಗೆ ಕರೆದುಕೊಂಡು ಹೋದನು. ಈ ಹುಡುಗಿಯರು ಇನ್ನೂ ಪಳಗಿಲ್ಲವೆಂದು ಅಲ್ಲಿಯ ಯಂತ್ರ ನೋಡುವವರು ಹೇಳಿದರೂ, ಬಿಸಿಯಾಗಿರುವಾಗಲೇ ಹಿಡಿಯಬೇಕೆಂಬುದು ಆತನ ಮತ. ಒಂದೇ ದಿನದಲ್ಲಿ ಹನ್ನೆರಡು ಹಾಡುಗಳು ಮುದ್ರಿತವಾದುವು. ತಂದೆಯ ಸ್ವಂತ ಖರ್ಚಿನಲ್ಲಿ ಒಂದು ಸಾವಿರ ತಟ್ಟೆಗಳು ಸಿದ್ಧವಾದುವೆಂದೂ, ಅವುಗಳಲ್ಲಿ ಒಂಬೈನೂರು ಮನೆಗೆ ಬಂದು ಮುಟ್ಟಲೇ ಇಲ್ಲವೆಂದೂ ಹೇಳುವರು. ಮುದ್ರಿಕೆಯ ಹೆಸರು 'ಫಿಲಾಸಫಿ ಆಫ್ ದಿ ವರ್ಲ್ಡ್', ಎಂದರೆ ಲೋಕತತ್ತ್ವ. ಇದ್ದುದರಲ್ಲಿ ತೃಪ್ತಿಯಿಲ್ಲದೆ ಇಲ್ಲದುದಕ್ಕೆ ಹಂಬಲಿಸುವ ಮನುಷ್ಯಸ್ವಭಾವವೇ ಮೊದಲ ಹಾಡಿನ ವಿಷಯ. ಇನ್ನೊಂದು ಹಾಡು ಕಳೆದುಹೋದ ಬೆಕ್ಕನ್ನು ಕುರಿತದ್ದು. ತಂದೆತಾಯಿಗಳೆಂದರೆ ಯಾರು ಎಂಬುದನ್ನು ವಿಚಾರಿಸಿ ಅವರನ್ನು ಹೊಗಳುವ ಹಾಡೂ ಒಂದುಂಟು. ಅದನ್ನು ಯಾವ ಮನಸ್ಸಿನಿಂದ ಕೇಳಬೇಕೆಂಬುದು ಕಥೆಯನ್ನು ತಿಳಿದವರಿಗೆ ಕಷ್ಟದ ಪ್ರಶ್ನೆ. ಹಾಡುಗಳನ್ನು ಬರೆದವಳು ಡಾಟ್.

ಈ ಹಾಡುಗಳು ಹೇಗಿದ್ದುವೆಂಬುದನ್ನು ಬರೆವಣಿಗೆಯಲ್ಲಿ ತಿಳಿಸುವುದು ಸುಲಭವಲ್ಲ. ಶ್ರುತಿ ಕೂಡಿರಲಿಲ್ಲ. ಗಿಟಾರು ಒಂದು ದಾರಿ ಹಿಡಿದರೆ ಡ್ರಮ್ಮು ಇನ್ನೊಂದು ದಾರಿಯನ್ನು, ಅದೂ ಪೂರ್ಣವಾದ ಆತ್ಮವಿಶ್ವಾಸದಿಂದ ಹಿಡಿಯುತ್ತಿತ್ತು. ಹಾಡಿನ ಸಾಲು ಉದ್ದವಾದರೆ ತಾಳವೂ ಅದರೊಡನೆ ಉದ್ದವಾಗುವುದು, ಸಾಲು ಮೊಟಕಾದರೆ ತಾಳವೂ ಮೊಟಕು. ಆದರೂ ಅಕ್ಕತಂಗಿಯರ ಕಂಠಗಳು ಒಂದನ್ನೊಂದು ನೆರಳಿನಂತೆ ಹಿಂಬಾಲಿಸುತ್ತಿದ್ದುವು. ಇದು ಅಭ್ಯಾಸವಿಲ್ಲದವರ ತಪ್ಪಲ್ಲ. ಬಹಳವಾಗಿ ಅಭ್ಯಾಸ ಮಾಡಿದವರ ತಪ್ಪು. ಅವರು ನುಡಿಸಿದ್ದನ್ನೇ ಮತ್ತೆ ಹಾಗೆಯೇ ನುಡಿಸಬಲ್ಲವರಾಗಿದ್ದರು.

1975ರಲ್ಲಿ ತಂದೆ ಹೃದಯಾಘಾತದಿಂದ ಸತ್ತನು. ಮೇಳವು ಅಲ್ಲಿಗೇ ನಿಂತಿತು. ಮಕ್ಕಳು ಸಂಸಾರವಂದಿಗರಾಗಿ ತಂತಮ್ಮ ಕೆಲಸಗಳನ್ನು ನೋಡಿಕೊಂಡರು. ಆತನು ಹೋದೊಡನೆ ಯಾರೂ ಹೇಳಿಕೊಡದೆಯೇ ವಾದ್ಯಗಳು ಮೂಲೆಗೆ ಸೇರಿದುವೆಂಬ ಈ ಒಂದು ಸಂಗತಿಯು, ಆ ಮನೆಯಲ್ಲಿ ಯಾರ ಇಚ್ಛೆ ನಡೆಯುತ್ತಿತ್ತೆಂಬುದಕ್ಕೆ ಸಾಕಾದ ಸಾಕ್ಷಿ.

ಐದು ವರ್ಷಗಳ ಮೇಲೆ, 1980ರಲ್ಲಿ, ಟೆರಿ ಆಡಮ್ಸ್ ಎಂಬ ಸಂಗೀತಗಾರನ ಆಸಕ್ತಿಯಿಂದ ಆ ಮುದ್ರಿಕೆಯು ರೌಂಡರ್ ಎಂಬ ಸಂಸ್ಥೆಯ ಮೂಲಕ ಮತ್ತೆ ಹೊರಬಿದ್ದಿತು. ಹೆಸರಾದ ಪತ್ರಿಕೆಗಳು ಅದನ್ನು ಕುರಿತು ಬರೆದುವು. 1999ರಲ್ಲಿ ಆರ್‌.ಸಿ.ಎ. ಸಂಸ್ಥೆ, 2016ರಲ್ಲಿ ಇನ್ನೊಂದು ಸಂಸ್ಥೆ ಅದನ್ನೇ ಮತ್ತೆ ತಂದುವು. ಕರ್ಟ್ ಕೋಬೇನನೆಂಬ ಜಗತ್ಪ್ರಸಿದ್ಧ ರಾಕ್ ಗಾಯಕನು ತನ್ನ ಮೆಚ್ಚಿನ ಐವತ್ತು ಮುದ್ರಿಕೆಗಳ ಪಟ್ಟಿಯಲ್ಲಿ ಅದನ್ನು ಬರೆದುಕೊಂಡಿದ್ದನು. 2011ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಕಥೆಯೇ ಸಂಗೀತನಾಟಕವಾಯಿತು. ಅಜ್ಜಿಯ ಮೂರನೆಯ ಮಾತೂ ನಿಜವಾದಂತಾಯಿತಷ್ಟೆ!

ಹಾಗಾದರೆ ತಂದೆ ಮಾಡಿದ್ದು ಸರಿಯಾಯಿತೆ? ಫಲವನ್ನು ನೋಡಿ ಕರ್ಮವನ್ನು ತೂಗುವವರು ಹೌದೆನ್ನುವರು. ಶಾಲೆಯಲ್ಲಿಯೇ ಇದ್ದಿದ್ದರೆ ಈ ಮೂವರ ಹೆಸರನ್ನು ಫ್ರೀಮಾಂಟಿನ ಆಚೆ ಯಾರು ಕೇಳುತ್ತಿದ್ದರು ಎಂಬುದು ಅವರ ವಾದ. ಇಲ್ಲಿ ಹರಿಶ್ಚಂದ್ರನ ಕಥೆಯು ನೆನಪಿಗೆ ಬಾರದಿರದು. ರಾಘವಾಂಕನ ಕಾವ್ಯದಿಂದಲೂ, ಬಯಲಾಟಗಳಿಂದಲೂ, ಗಾಜನೂರಿನ ರಾಜಕುಮಾರರು ನಟಿಸಿದ 1965ರ ಚಲಚ್ಚಿತ್ರದಿಂದಲೂ ಆ ಕಥೆಯು ಈ ಸೀಮೆಯ ಮನೆಮನೆಗೆ ಹೊಕ್ಕಿದೆ. ಕೊಟ್ಟ ಮಾತಿಗಾಗಿ ಹೆಂಡತಿಮಕ್ಕಳನ್ನು ಮಾರಿದವನನ್ನು ಲೋಕವು ಕೊಂಡಾಡುತ್ತದೆ. ವಿಗ್ಗಿನನೂ ಒಂದು ಮಾತಿಗಾಗಿಯೇ ಮಕ್ಕಳ ತಾರುಣ್ಯವನ್ನು ಒತ್ತೆಯಿಟ್ಟನು. ಒಬ್ಬನಿಗೆ ಪೂಜೆ, ಇನ್ನೊಬ್ಬನಿಗೆ ನಿಂದೆ ಎಂದರೆ ನ್ಯಾಯವೆ?

ಭೇದವಿದೆ. ಹರಿಶ್ಚಂದ್ರನು ಮಾತು ಕೊಟ್ಟವನು ತಾನೇ. ಹೆಂಡತಿಮಕ್ಕಳ ಬೆನ್ನಿಗೇ ತನ್ನನ್ನೂ ವೀರಬಾಹುಕನಿಗೆ ಮಾರಿಕೊಂಡು ಸುಡುಗಾಡು ಕಾದನು. ಚಂದ್ರಮತಿಯು ಗಂಡನ ಸತ್ಯವನ್ನು ತನ್ನ ಸತ್ಯವೆಂದೇ ಹೊತ್ತವಳು. ವಿಗ್ಗಿನನ ಮಾತಾದರೋ ಆತನು ಕೊಟ್ಟದ್ದಲ್ಲ, ಆತನ ವಿಷಯವಾಗಿ ಯಾರೋ ನುಡಿದದ್ದು. ನುಡಿದದ್ದು ನಿಜವಾಗಲಿ ಎಂದು ದುಡಿಯುವುದು ಸತ್ಯನಿಷ್ಠೆಯಲ್ಲ, ಆಸೆ. ಇಷ್ಟು ಹೇಳಿ ಸುಲಭವಾಗಿ ಮುಗಿಸಬಹುದಾಗಿತ್ತು. ಆದರೆ ಹರಿಶ್ಚಂದ್ರನ ಪಕ್ಷದಲ್ಲಿಯೂ ಒಂದು ಗಂಟು ಉಳಿಯುತ್ತದೆ. ಲೋಹಿತಾಶ್ವನನ್ನು ಯಾರು ಕೇಳಿದರು? ಅಡವಿಗೆ ಹೋಗಿ ಹಾವು ಕಚ್ಚಿ ಬಿದ್ದ ಆ ಹುಡುಗನು ಯಾವ ಮಾತನ್ನೂ ಕೊಟ್ಟವನಲ್ಲ, ಯಾವ ವ್ರತವನ್ನೂ ಹಿಡಿದವನಲ್ಲ. ಕೊನೆಗೆ ವಿಶ್ವನಾಥನು ಪ್ರತ್ಯಕ್ಷನಾಗಿ ಅವನನ್ನು ಎಬ್ಬಿಸಿದನೆಂದೂ ರಾಜ್ಯವು ಮರಳಿತೆಂದೂ ಕೇಳಿ ಕಣ್ಣೊರಸಿಕೊಳ್ಳುತ್ತೇವೆ. ಆದರೆ ಎದ್ದು ಕುಳಿತ ಮಗುವಿಗೆ ಆ ರಾತ್ರಿಯು ಬರಲೇ ಇಲ್ಲವೆಂದು ಹೇಳುವ ಸಾಮರ್ಥ್ಯವು ವಿಶ್ವನಾಥನಿಗೂ ಇದೆಯೋ ಇಲ್ಲವೋ! ಬಂದ ಫಲವು ಮುಂದಿನ ದಿನಗಳಿಗೆ ಸೇರಿದ್ದು. ಹಿಂದೆ ಕಳೆದುದು ಕಳೆದುದೇ. 1980ರ ಮನ್ನಣೆಯು 1968ರ ಡಬ್ಬಿಗಳನ್ನು ಎಸೆದವರ ಕೈಗೆ ಹಿಂದಿರುಗಿಸಲಾರದು.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ವಿಷಯವಿದೆ. ತಂದೆ ಬಯಸಿದ ಫಲ ನಿಜವಾಗಿ ಬಂದಿತೆ? ಮಕ್ಕಳು ಇಂಪಾಗಿ ಹಾಡಿ ಜನಪ್ರಿಯರಾಗಬೇಕೆಂಬುದು ಆತನ ಆಸೆ. ಜನರು ಮೆಚ್ಚಿದ್ದು ಇಂಪನ್ನಲ್ಲ, ಇಂಪಿನಿಂದ ಅವರು ಎಷ್ಟು ದೂರ ನಿಂತಿದ್ದರೆಂಬುದನ್ನು. ಗುರಿಯಿಟ್ಟ ಬಾಣ ತಪ್ಪಿ ಬೇರೆಲ್ಲಿಯೋ ನೆಟ್ಟು, ನೆಟ್ಟ ಜಾಗಕ್ಕೆ ಆಮೇಲೆ ಬೇರೆಯವರು ಬಂದು ಗುರಿಯ ಗೆರೆ ಎಳೆದರು. ಆದಕಾರಣ ಫಲದಿಂದ ಕರ್ಮವನ್ನು ತೂಗುವವರಿಗೂ ಇಲ್ಲಿ ತಕ್ಕಡಿ ನಿಲ್ಲುವುದಿಲ್ಲ. ಫಲವು ಕರ್ಮದಿಂದ ಹುಟ್ಟಿತೆಂಬುದೇ ಸಂಶಯವಾದ ಮೇಲೆ, ಅದನ್ನು ಕರ್ಮದ ಲೆಕ್ಕಕ್ಕೆ ಬರೆಯುವುದೆಂತು?

ಇನ್ನು ಕೇಳುಗರ ವಿಚಾರ. ಈ ಮುದ್ರಿಕೆಯನ್ನು ಕೇಳಿದವರಲ್ಲಿ ನಕ್ಕವರೇ ಹೆಚ್ಚು ಮಂದಿಯಿರಬೇಕು. ನಗು ಪಾಪವೇನೂ ಅಲ್ಲ. ತನ್ನ ಹೆಸರಿನ ಮೊದಲಿಗೇ ಗುಂಡ್ಲನ್ನು ಹೊತ್ತ ಗುಂಡ್ಲು ಪಂಡಿತ ರಾಜರತ್ನಂ ಅವರ ರತ್ನನನ್ನು ನೋಡಿ ನಗದವರು ಕನ್ನಡದಲ್ಲಿ ಯಾರು? ರತ್ನನ ನಾಲಗೆ ತೊಡರುತ್ತದೆ, ವ್ಯಾಕರಣ ಮುರಿಯುತ್ತದೆ. ಅಚ್ಚಿನಲ್ಲಿ ಅದು ಬಂದಾಗ ಹುಬ್ಬುಗಂಟಿಕ್ಕಿದ ಪಂಡಿತರೂ ಇದ್ದಿರಬೇಕು. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಹೊತ್ತು ಮಾರಿದವರು. ಮುಂದೆ ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಆ ಪದಗಳು ಎರಡನೆಯ ಜನ್ಮವೆತ್ತಿದುವು. ಅವರಂತೂ ಹೆಂಡವನ್ನು ಮುಟ್ಟಿದವರಲ್ಲ. ರತ್ನನ ತೊಡರು ಕವಿಯು ಎಚ್ಚರದಿಂದ ಕಟ್ಟಿದ ತೊಡರು. ಓದುಗನು ನಕ್ಕರೆ ಕವಿಯ ಜೊತೆಯಲ್ಲಿ ನಗುತ್ತಾನೆ, ನಗುನಗುತ್ತಲೇ ರತ್ನನನ್ನು ಗೌರವಿಸಲೂ ಕಲಿಯುತ್ತಾನೆ. ಯಾವನಾದರೂ ಸಂಪಾದಕನು ಮರುಮುದ್ರಣದಲ್ಲಿ ರತ್ನನ ಮಾತನ್ನು ವ್ಯಾಕರಣಶುದ್ಧವಾಗಿ ತಿದ್ದಿದರೆ ಅದು ಕೊಲೆಯೇ ಸರಿ.

ವಿಗ್ಗಿನ್ ಸೋದರಿಯರ ತೊಡರು ಕಟ್ಟಿದ್ದಲ್ಲ, ಆದದ್ದು. ಅಲ್ಲಿ ನಗುವವನ ಜೊತೆಗೆ ನಗಲು ಯಾರೂ ಇಲ್ಲ. ಹಾಡುವವರು ಗಂಭೀರವಾಗಿ ಬೆಕ್ಕನ್ನು ಹುಡುಕುತ್ತಿದ್ದಾರೆ, ಕೇಳುವವನು ಗೋಡೆಯಾಚೆಯಿಂದ ಇಣಿಕಿ ನಗುತ್ತಿದ್ದಾನೆ. ಈ ನಗುವಿನಲ್ಲಿ ಕಳ್ಳತನದ ಅಂಶವಿದೆಯೆನ್ನದೆ ವಿಧಿಯಿಲ್ಲ. ಆದರೆ ಇದನ್ನು ಹೇಳಿದೊಡನೆ ಇನ್ನೊಂದು ಬಗೆಯ ಕೇಳುಗರು ಅಡ್ಡಬರುತ್ತಾರೆ. ನಾವು ನಗುತ್ತಿಲ್ಲ, ಕಲಿತವರ ಜಾಣ್ಮೆಯೊಳಗೆ ಎಲ್ಲಿಯೂ ಸಿಕ್ಕದ ಒಂದು ನೇರತನವನ್ನು ಇಲ್ಲಿ ಕೇಳುತ್ತಿದ್ದೇವೆ ಎಂಬುದು ಅವರ ಮಾತು. ಅದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಮಲೆಯ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವಾಗಲೂ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆಯನ್ನು ಬಿಚ್ಚುವಾಗಲೂ, ಕಚೇರಿಯ ಅಳತೆಗೋಲು ಹಿಡಿದು ಹೋದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅಲ್ಲಿ ಕಂಠ ಒಡೆದಿರಬಹುದು. ಕೇಳುವವರಿಗೆ ಅದು ಕೊರತೆಯಾಗಿ ತೋರುವುದಿಲ್ಲ. ಹಾಡು ಹರಕೆಗೆ ಸೇರಿದ್ದು, ಮಾರಾಟಕ್ಕಲ್ಲ.

ಹೋಲಿಕೆಯು ಇಲ್ಲಿಗೇ ನಿಲ್ಲುತ್ತದೆ. ಗುಡ್ಡನಿಗೆ ಗುರುವಿದ್ದಾನೆ, ದೀಕ್ಷೆಯಿದೆ. ಬೀಸುಕಂಸಾಳೆಯ ಕಂಚು ತಲೆಯ ಮೇಲೆ, ಬೆನ್ನ ಹಿಂದೆ ಸುಳಿದು ಬಂದು ತಾಳಕ್ಕೆ ಸರಿಯಾಗಿ ಬಡಿಯಬೇಕಾದರೆ ಎಷ್ಟು ವರ್ಷದ ಸಾಧನೆ ಬೇಕೆಂಬುದನ್ನು ಬೀಸಿದವರೇ ಬಲ್ಲರು. ಅವನ ಹರಕೆಯನ್ನು ಅವನ ಊರು ಅರಿತಿದೆ. ಈ ಹುಡುಗಿಯರಿಗೆ ಸಂಪ್ರದಾಯವಿರಲಿಲ್ಲ, ಹರಕೆ ಅವರದಲ್ಲ, ಊರಿನವರು ಅರಿತೂ ಇರಲಿಲ್ಲ. ಅವರ ನೇರತನವು ಒಂಟಿಯಾಗಿ ಕೂಡಿಹಾಕಿದ್ದರ ಫಲ. ಅದನ್ನು ಮೆಚ್ಚುವವನು, ಆ ಮೆಚ್ಚಿಕೆಗೆ ಬೆಲೆ ಕೊಟ್ಟವರು ಯಾರೆಂಬುದನ್ನು ಮರೆತರೆ, ನಕ್ಕವನಿಗಿಂತ ಹೆಚ್ಚು ಒಳ್ಳೆಯವನಾಗುವುದಿಲ್ಲ. ನಕ್ಕವನಿಗೆ ತಾನು ನಗುತ್ತಿರುವುದಾದರೂ ಗೊತ್ತಿರುತ್ತದೆ.

ಮತ್ತೆ ಹೊರತರುವವನ ಕರ್ತವ್ಯವೇನು? ಹಳೆಯದನ್ನು ತಿದ್ದುವ ಆಸೆ ಮೊದಲು ಬರುತ್ತದೆ. ಮೇಲೆ ಹೇಳಿದ 'ಸತ್ಯಹರಿಶ್ಚಂದ್ರ' ಚಿತ್ರಕ್ಕೆ 2008ರಲ್ಲಿ ಬಣ್ಣವೇರಿಸಿ ಮತ್ತೆ ತೆರೆಗೆ ತಂದರು. 1971ರ 'ಕಸ್ತೂರಿ ನಿವಾಸ'ಕ್ಕೂ 2014ರಲ್ಲಿ ಹಾಗೆಯೇ ಆಯಿತು. ರಾಜಕುಮಾರರು 2006ರಲ್ಲಿಯೇ ತೀರಿಕೊಂಡಿದ್ದರು. ಹೊಸ ತಲೆಮಾರಿನವರು ನೋಡಿ ಸಂತೋಷಪಟ್ಟುದು ನಿಜ. ಕಪ್ಪುಬಿಳುಪಿನಲ್ಲಿ ನೆರಳುಬೆಳಕನ್ನು ಲೆಕ್ಕಹಾಕಿ ಚಿತ್ರಹಿಡಿದವರ ಕಣ್ಣಿಗೆ ಅಲ್ಲಿ ಎಷ್ಟು ಮರ್ಯಾದೆ ಸಂದಿತೆಂಬುದು ಬೇರೆ ಮಾತು. ಕೃತಿಕಾರನು ತಾನೇ ತಿದ್ದುವುದಾದರೆ ವಿಷಯ ಹಗುರವಾಗುತ್ತದೆ. ವಿಲ್ ಟೊಲೆಡೊ ಎಂಬ ಅಮೆರಿಕದ ತರುಣನು 2011ರಲ್ಲಿ, ಇನ್ನೂ ಇಪ್ಪತ್ತು ತುಂಬದಿರುವಾಗ, 'ಟ್ವಿನ್ ಫ್ಯಾಂಟಸಿ' ಎಂಬ ಮುದ್ರಿಕೆಯನ್ನು ತಾನಾಗಿಯೇ ಹೊರಡಿಸಿದ್ದನು. 2018ರಲ್ಲಿ ದೊಡ್ಡ ಸಂಸ್ಥೆಯೊಂದರ ನೆರವಿನಿಂದ ಅದನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಹಾಡಿ ಮುದ್ರಿಸಿದನು. ಆದರೆ ಹಳೆಯದನ್ನು ಅಳಿಸಲಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಉಳಿದಿವೆ. ಇಪ್ಪತ್ತೈದರ ವಯಸ್ಸಿನವನಿಗೆ ಹತ್ತೊಂಬತ್ತರ ವಯಸ್ಸಿನವನ ಮೇಲೆ ಎಷ್ಟು ಅಧಿಕಾರವೋ ಅಷ್ಟನ್ನೇ ಬಳಸಿದ ಈ ನಡತೆಯು ಸೊಗಸಾಗಿದೆ. ಕುವೆಂಪು ತಮ್ಮ ಮೊದಲ ಪುಸ್ತಕವನ್ನು ಇಂಗ್ಲಿಷಿನಲ್ಲಿ 1922ರಲ್ಲಿ ಹೊರತಂದು, ಆ ದಾರಿಯನ್ನೇ ಬಿಟ್ಟು ಕನ್ನಡಕ್ಕೆ ಬಂದುದೂ ಇದೇ ಅಧಿಕಾರದ ಇನ್ನೊಂದು ಬಗೆ.

ವಿಗ್ಗಿನ್ ಸೋದರಿಯರ ವಿಷಯದಲ್ಲಿ ತಿದ್ದುವ ಪ್ರಶ್ನೆಯಿರಲಿಲ್ಲ. ತಿದ್ದಿದರೆ ಉಳಿಯುವುದೇನೂ ಇಲ್ಲ. ಅಲ್ಲಿ ಇದ್ದ ಪ್ರಶ್ನೆ ಕೇಳುವುದರದು: ತಂದೆಯು ಕೇಳದೆ ಮಾಡಿಸಿದ್ದನ್ನು ಲೋಕವೂ ಕೇಳದೆಯೇ ಎತ್ತಿಕೊಂಡರೆ, ತಂದೆಯ ತಪ್ಪು ಎರಡನೆಯ ಸಲ ನಡೆದಂತಾಗುತ್ತದೆ.

ಗುಂಡ್ಲುಪೇಟೆಯ ಬಳಿ, ಊಟಿಗೆ ಹೋಗುವ ಹೆದ್ದಾರಿಯ ಎರಡು ಪಕ್ಕದಲ್ಲಿಯೂ ಮಳೆಗಾಲದಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳುತ್ತವೆ. ರೈತನು ಸೂರ್ಯಕಾಂತಿಯನ್ನು ಎಣ್ಣೆಬೀಜಕ್ಕಾಗಿ ಬಿತ್ತಿದವನು. ಮೈಸೂರಿನಿಂದಲೂ ಕೇರಳದಿಂದಲೂ ಬರುವ ಪ್ರವಾಸಿಗಳಿಗೆ ಬೀಜದ ಗೊಡವೆಯಿಲ್ಲ. ಗಾಡಿ ನಿಲ್ಲಿಸಿ ಹೊಲಕ್ಕಿಳಿದು ಚಿತ್ರ ತೆಗೆದುಕೊಳ್ಳುವರು. ಬೆಳೆದವನು ಎಣಿಸದಿದ್ದ ಬೆಲೆಯೊಂದನ್ನು ನೋಡುವವನ ಕಣ್ಣು ಹುಟ್ಟಿಸಿತು. ಅದೇನೂ ಸುಳ್ಳು ಬೆಲೆಯಲ್ಲ. ಆದರೆ ಹೊಲಕ್ಕಿಳಿದ ಕಾಲು ಗಿಡವನ್ನು ತುಳಿಯುತ್ತದೆ. ಕೆಲವು ರೈತರು ಬದುವಿನ ಮೇಲೆ ನಿಂತು, ಇಂತಿಷ್ಟು ಕೊಟ್ಟು ಒಳಕ್ಕೆ ಬನ್ನಿರೆಂದು ಹೇಳತೊಡಗಿದರು. ಇದನ್ನು ದುರಾಸೆಯೆಂದು ಗೊಣಗಿದ ಪ್ರವಾಸಿಗಳೂ ಉಂಟು. ಗೊಣಗುವವರು ಒಂದನ್ನು ಗಮನಿಸಬೇಕು: ರೈತನು ಕೇಳುತ್ತಿರುವುದು ಹೂವಿನ ಬೆಲೆಯನ್ನಲ್ಲ. ತನ್ನ ಹೊಲದಲ್ಲಿ ತಾನೂ ಒಬ್ಬನಿದ್ದೇನೆಂಬುದನ್ನು ತಿಳಿಸುತ್ತಿದ್ದಾನೆ.

ಫ್ರೀಮಾಂಟಿನ ಅಕ್ಕತಂಗಿಯರಿಗೆ ತಮ್ಮ ಬದುವಿನ ಮೇಲೆ ನಿಲ್ಲುವುದಕ್ಕೆ ಬಹಳ ಕಾಲ ಹಿಡಿಯಿತು. ಜನರು ತಮ್ಮನ್ನು ಮೆಚ್ಚುತ್ತಿದ್ದಾರೆಂಬುದನ್ನು ಕೇಳಿ ಅವರು ಮೊದಲು ಬೆರಗಾದರು. 1999ರಲ್ಲಿ ಡಾಟ್ ಮತ್ತು ಬೆಟ್ಟಿ ನ್ಯೂಯಾರ್ಕಿನಲ್ಲಿ ಒಮ್ಮೆ ಹಾಡಿದರು. 2006ರಲ್ಲಿ ಹೆಲೆನ್ ತೀರಿಕೊಂಡಳು. 2013ರಲ್ಲಿ, ಅರವತ್ತನ್ನು ದಾಟಿದ ಮೇಲೆ, ಡಾಟ್ ತನ್ನ ಹೆಸರಿನಲ್ಲಿಯೇ ಒಂದು ಹೊಸ ಮುದ್ರಿಕೆಯನ್ನು ಹೊರತಂದಳು. ಯಾರ ಕಣಿಯೂ ಅದನ್ನು ಬೇಡಿರಲಿಲ್ಲ.

2017ರ ಬೇಸಗೆಯಲ್ಲಿ ಮ್ಯಾಸಚೂಸೆಟ್ಸಿನ ಸಂಗೀತೋತ್ಸವವೊಂದರಲ್ಲಿ ಡಾಟ್, ಬೆಟ್ಟಿ ಇಬ್ಬರೂ ವೇದಿಕೆಗೆ ಬಂದು 1969ರ ಹಾಡುಗಳನ್ನು ಹಾಡಿದರು. ಅವರ ಬೆನ್ನಿಗೆ ಕುಳಿತ ವಾದಕರೆಲ್ಲ ಕಲಿತವರು. ಹಳೆಯ ಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಹೆಲೆನಳ ಡ್ರಮ್ಮು ಎಲ್ಲೆಲ್ಲಿ ಹಾಡನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತಿತ್ತೋ ಅದನ್ನೆಲ್ಲ ಪೆಟ್ಟು ಪೆಟ್ಟಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು.